ಸತ್ತ ಕಾರ್ಖಾನೆಗೆ 40 ವರ್ಷದ ಎಡೆ

ಪಿತೃಪಕ್ಷದಲ್ಲಿ ನಾವು ಹಿರಿಯರಿಗೆ ಎಡೆ ಇಡುತ್ತೇವೆ. ವರ್ಷಕ್ಕೊಮ್ಮೆ, ಒಂದು ಬಾಳೆಲೆ. ಉಳಿದದ್ದನ್ನು ಕಾಗೆ ನೋಡಿಕೊಳ್ಳುತ್ತದೆ. ಕರ್ನಾಟಕ ಸರ್ಕಾರದ ಭಕ್ತಿ ಇಷ್ಟಕ್ಕೆ ನಿಲ್ಲುವಂಥದ್ದಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ಅಂದರೆ ನಮ್ಮೆಲ್ಲರ ಎಂಪಿಎಂ, 2015ರಲ್ಲೇ ಯಂತ್ರ ನಿಲ್ಲಿಸಿತು. 2020ಕ್ಕೆ ಅದರ ಕೈಯಲ್ಲಿದ್ದ ಕಾಡಿನ ಲೀಸೂ ಮುಗಿಯಿತು. ಹೊಗೆಯೇ ಬಾರದ ಚಿಮಣಿಗೆ ಕಟ್ಟಿಗೆ ಯಾಕೆ ಎಂದು ಮಲೆನಾಡಿನವರು ಕೇಳುತ್ತಿರುವಾಗಲೇ, ಸುಮಾರು 20,000 ಹೆಕ್ಟೇರ್ ಅರಣ್ಯಭೂಮಿಯನ್ನು ಮತ್ತೆ 40 ವರ್ಷಕ್ಕೆ ಬಡಿಸಲಾಯಿತು. ಬದುಕಿದ್ದಾಗ ಕೊಟ್ಟದ್ದೂ 40 ವರ್ಷಕ್ಕೆ, ಸತ್ತ ಮೇಲೆ ಕೊಟ್ಟದ್ದೂ 40 ವರ್ಷಕ್ಕೆ. ಪಕ್ಷಪಾತ ಮಾಡಿದರೆಂದು ಯಾರೂ ದೂರುವಂತಿಲ್ಲ.

ಮೊದಲ ಲೀಸು 1980ರದ್ದು. ಅರಣ್ಯ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ. ಕಾನೂನು ಕಾಡನ್ನು ಕಾಯಲು ಹೊರಟಿತು, ಲೀಸು ಕಾಡನ್ನು ಕಡಿಯಲು ಹೊರಟಿತು. ಎರಡೂ ಸರ್ಕಾರದ್ದೇ ಆದ್ದರಿಂದ ದಾರಿಯಲ್ಲಿ ಎದುರಾದರೂ ಜಗಳವಾಡಲಿಲ್ಲ.

ಹಾಗೆ ಕಾಗದದ ತಿರುಳಿಗೆಂದು ಸೊರಬ, ಸಾಗರ, ಹೊಸನಗರದ ಗುಡ್ಡಗಳಿಗೆ ಅಕೇಶಿಯಾ ಬಂತು. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಈ ಮರ ಆಡಳಿತಕ್ಕೆ ಹೇಳಿ ಮಾಡಿಸಿದ್ದು. ದನ ಮೂಸುವುದಿಲ್ಲ, ಹಾಗಾಗಿ ಕಾವಲಿನ ಖರ್ಚಿಲ್ಲ. ಮಂಗ ತಿನ್ನುವಂಥ ಹಣ್ಣಿಲ್ಲ, ಹಾಗಾಗಿ ಕಾಡಿನಲ್ಲಿ ಗದ್ದಲವಿಲ್ಲ. ದರಕು, ಅಂದರೆ ಉದುರಿದ ಎಲೆ, ಬೇಗ ಕೊಳೆಯುವುದಿಲ್ಲ, ಹೋದ ವರ್ಷದ ಎಲೆಯನ್ನೂ ದಾಸ್ತಾನು ಲೆಕ್ಕಕ್ಕೆ ತೋರಿಸಬಹುದು. ಸಾಲಾಗಿ ನಿಲ್ಲುತ್ತದೆ, ಸಾಲಾಗಿ ಎಣಿಸಬಹುದು, ಸಾಲಾಗಿ ಕಟಾವು ಮಾಡಬಹುದು.

ಕಾನಿನ, ಅಂದರೆ ಮಲೆನಾಡಿನ ದಟ್ಟ ನಿತ್ಯಹಸಿರು ಕಾಡಿನ, ನಡತೆ ನೋಡಿ. ಒಂದು ಮರ ಇನ್ನೊಂದರ ಹಾಗಿಲ್ಲ. ಕಾಲಿಟ್ಟರೆ ಇಂಬಳ, ಅಂದರೆ ಜಿಗಣೆ, ಹತ್ತುತ್ತದೆ. ರಾಮಪತ್ರೆ ಮರಗಳ ಜೌಗು ನೆಲವಾದ ಜಡ್ಡಿಯಲ್ಲಂತೂ ಬೇರುಗಳು ಕೆಸರಿನಿಂದ ಮೇಲೆದ್ದು ಮಂಡಿ ಮಡಚಿ ಕೂತಿರುತ್ತವೆ. ಬೇರು ನೆಲದೊಳಗೇ ಇರತಕ್ಕದ್ದು ಎಂಬ ಶಿಸ್ತು ಕೂಡ ಇಲ್ಲ! ಸಿದ್ದಾಪುರದ ಕತ್ತಲೆಕಾನಿನಲ್ಲಿ ಗೇರಿನ ಬಳಗದ ಒಂದು ಮರವಿದೆ. ವಿಜ್ಞಾನಿಗಳ ದಾಖಲೆಯಲ್ಲಿ ಅದಕ್ಕೆ ಹೆಸರು ಬಿದ್ದದ್ದೇ 2000ದಲ್ಲಿ. ಅಷ್ಟು ಕಾಲ ಹೆಸರು ನೋಂದಾಯಿಸದೆ ಜಡ್ಡಿಯಲ್ಲಿ ನಿಂತಿದ್ದ ಇಂಥ ಮರವನ್ನು ನಂಬಿ ಯೋಜನೆ ಮಾಡುವುದು ಹೇಗೆ?

ಕಾನಿನ ದೊಡ್ಡ ತಪ್ಪು ಇನ್ನೊಂದಿದೆ: ಅದು ನೀರನ್ನು ಬಿಟ್ಟಿ ಹಂಚುತ್ತದೆ. ಜೂನ್, ಜುಲೈನಲ್ಲಿ ಸುರಿದದ್ದನ್ನು ದರಕಿನಡಿ ಹಿಡಿದಿಟ್ಟುಕೊಂಡು ಬೇಸಿಗೆಯವರೆಗೂ ಒರತೆಯಲ್ಲಿ ಬಿಡುತ್ತಿರುತ್ತದೆ. ಕೆಳಗಿನ ಅಡಿಕೆ ತೋಟಕ್ಕೆ ಅದೇ ನೀರು, ಗುಡ್ಡದಿಂದ ತಾನಾಗಿ ಹರಿದು ಮನೆಯ ಹಿತ್ತಿಲಿಗೆ ಬರುವ ಅಬ್ಬಿಗೂ ಅದೇ ನೀರು. ಪಂಪಿಲ್ಲ, ಮೀಟರಿಲ್ಲ, ಕಾಮಗಾರಿ ಇಲ್ಲ, ಹಾಗಾಗಿ ಉದ್ಘಾಟನೆಯೂ ಇಲ್ಲ. ಅಬ್ಬಿ ಒಣಗಿದರೆ ಟ್ಯಾಂಕರ್ ಬರುತ್ತದೆ. ಟ್ಯಾಂಕರಿಗೆ ಟೆಂಡರ್ ಉಂಟು, ಬಿಲ್ಲುಂಟು, ಬಿಲ್ಲು ಪಾಸು ಮಾಡುವವರುಂಟು. ಒರತೆಗೆ ಯಾರಿದ್ದಾರೆ?

ಸರ್ಕಾರಕ್ಕೆ ಕಾಡುಪ್ರಾಣಿಗಳ ಮೇಲೆ ಪ್ರೀತಿಯಿಲ್ಲ ಅನ್ನಬೇಡಿ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲೆಲ್ಲೂ ಸಿಗದ ಸಿಂಗಳೀಕಕ್ಕೆ 2019ರಲ್ಲಿ ಶರಾವತಿ ಕಣಿವೆಯಲ್ಲಿ ಅಭಯಾರಣ್ಯ ಘೋಷಣೆಯಾಯಿತು, 930 ಚದರ ಕಿಲೋಮೀಟರ್. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ ಕೊಂಬೆ ಕೂಡಿರಬೇಕು, ವರ್ಷವಿಡೀ ಒಂದಲ್ಲ ಒಂದು ಮರ ಹಣ್ಣು ಬಿಡುತ್ತಿರಬೇಕು. ಮರುವರ್ಷವೇ ಅದೇ ಶಿವಮೊಗ್ಗ ಜಿಲ್ಲೆಯ ಬೇರೆ ಗುಡ್ಡಗಳು ಅಕೇಶಿಯಾದ ಹೆಸರಿಗೆ ಉಳಿದವು. ಸಿಂಗಳೀಕ ಗಡಿ ದಾಟಬಾರದು, ಅಷ್ಟೇ. ಗಡಿಯ ನಕಾಶೆ ಅದಕ್ಕೆ ತಲುಪಿದೆಯೋ ಇಲ್ಲವೋ.

ಸಾಮಾನ್ಯ ಮಂಗಗಳ ಕಥೆ ಇದಕ್ಕಿಂತ ಸ್ವಾರಸ್ಯ. ಗುಡ್ಡದಲ್ಲಿ ಹಲಸಿಲ್ಲ, ಅಪ್ಪೆಮಿಡಿ ಇಲ್ಲ, ನೇರಳೆಯಿಲ್ಲ. ಮಂಗ ಬಾಳೆತೋಟಕ್ಕೆ ಇಳಿಯಿತು, ಎಳೆ ಅಡಿಕೆಯನ್ನೂ ಚೀಪಿ ಬಿಸಾಡಿತು. ರೈತರು ಬೊಬ್ಬೆ ಹೊಡೆದರು. ಆಗ ಹೊಳೆದ ಪರಿಹಾರ ಮಂಕಿ ಪಾರ್ಕ್! ಹೊಸನಗರ ತಾಲೂಕಿನಲ್ಲಿ ಮಂಗಗಳಿಗೆಂದೇ ಜಾಗ ನೋಡಿ, ಹಣ್ಣಿನ ಗಿಡ ನೆಟ್ಟು, ಹಿಡಿದು ತಂದು ಬಿಡುವ ಪ್ರಸ್ತಾವ. ಹಣ್ಣಿನ ಮರಗಳಿರುವ, ಮಂಗಗಳು ವಾಸ ಮಾಡುವ ಒಂದು ಜಾಗ. ಇಂಥದ್ದೊಂದು ಮಲೆನಾಡಿನಲ್ಲಿ ಮೊದಲೇ ಇತ್ತು ಎಂದು ಸಭೆಯಲ್ಲಿ ಯಾರಾದರೂ ಹೇಳಿದ್ದರೆ ಅನುದಾನಕ್ಕೆ ಕುತ್ತು ಬರುತ್ತಿತ್ತು.

ಇಷ್ಟಾದರೂ 2021ರಲ್ಲಿ ಲೆಕ್ಕದ ಕಾಡು ಕಡಿಮೆಯಾಗಿರಲಿಲ್ಲ. ಆ ವರ್ಷದ ದೇಶದ ಅರಣ್ಯ ಸ್ಥಿತಿ ವರದಿಯ ಪ್ರಕಾರ ಕರ್ನಾಟಕದ ಅರಣ್ಯ ಹೊದಿಕೆ 155 ಚದರ ಕಿಲೋಮೀಟರ್ ಏರಿತ್ತು. ಅಳೆಯುವ ಕ್ರಮ ಸರಳ: ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ನೂರಕ್ಕೆ ಹತ್ತರಷ್ಟು ಹಸಿರು ನೆತ್ತಿ ಉಪಗ್ರಹಕ್ಕೆ ಕಂಡರೆ ಅದು ಅರಣ್ಯ. ಯಾವ ಜಾತಿಯ ಮರ, ಯಾರ ಜಮೀನು ಎಂಬ ಭೇದಭಾವವಿಲ್ಲ. ಅಕೇಶಿಯಾ ನೆಡುತೋಪೂ ಕಾಡೇ, ತೋಟವೂ ಕಾಡೇ. ಈ ಲೆಕ್ಕದಲ್ಲಿ ನಮ್ಮ ಅಡಿಕೆ ಬೆಳೆಗಾರರು ತಲೆತಲಾಂತರದಿಂದ ವನವಾಸಿಗಳು. ಯಾರೂ ಹೇಳಿರಲಿಲ್ಲ, ಪಾಪ.

ಜನ ಸುಮ್ಮನಿದ್ದರು ಅಂತಲ್ಲ. 1987ರಲ್ಲೇ ಹಾವೇರಿ ಕಡೆಯ ಕುಸನೂರಿನಲ್ಲಿ ರೈತರು ‘ಕಿತ್ತಿಕೋ ಹಚ್ಚಿಕೋ’ ಎಂದು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟಿದ್ದರು. ಮೂವತ್ತು ವರ್ಷ ಯೋಚಿಸಿ, 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇನ್ನು ಶಿವಮೊಗ್ಗದವರು ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಒಕ್ಕೂಟ ಕಟ್ಟಿದ್ದು ಮೊನ್ನೆ ಮೊನ್ನೆ. ಅದೇ ವೇಗದಲ್ಲಿ ಹೋದರೆ ಇವರ ಸರದಿ 2050ರ ಆಸುಪಾಸು.

ಲೀಸು ಇರುವುದು 2060ರವರೆಗೆ. ಅಷ್ಟರಲ್ಲಿ ಎಂಪಿಎಂ ಎಲ್ಲಿತ್ತೆಂದು ಪತ್ತೆ ಹಚ್ಚಲು ಒಂದು ತಜ್ಞರ ಸಮಿತಿ ಬೇಕಾದೀತು. ನವೀಕರಣದ ಅರ್ಜಿಗೆ ಆ ತೊಂದರೆಯಿಲ್ಲ, 2020ರದ್ದರಲ್ಲೇ ಇಸವಿ ತಿದ್ದಿದರೆ ಸಾಕು.