ಪೂರ್ತಿ ಧಾಟಿಗಾಗಿ ಕಾಯುವ ಪಿಟೀಲು

ಬೀಥೋವನ್‌ನ ಡಿ ಮೇಜರ್ ಪಿಟೀಲು ಕನ್ಚರ್ಟೋ, ಅಂದರೆ ವಾದ್ಯವೃಂದದ ಜೊತೆ ಒಂದು ಪಿಟೀಲು ಮುಂದೆ ನಿಂತು ನುಡಿಸುವ ಕೃತಿ, ನೀರಸ ಎನ್ನುವವರು ನನ್ನ ಬಳಗದಲ್ಲೇ ಇದ್ದಾರೆ. ಅವರ ದೂರನ್ನು ತಳ್ಳಿಹಾಕಲು ಆಗುವುದಿಲ್ಲ. ಮೊದಲ ಭಾಗವೊಂದೇ ಸುಮಾರು 25 ನಿಮಿಷ. ಅದರಲ್ಲಿ ಮೂರು ನಿಮಿಷದಷ್ಟು ಹೊತ್ತು ಪಿಟೀಲುವಾದಕ ಕಮಾನು ಇಳಿಬಿಟ್ಟುಕೊಂಡು ನಿಂತಿರಬೇಕು. ನುಡಿಸಲು ಶುರುಮಾಡಿದ ಮೇಲೂ ಹೆಚ್ಚಿನ ಹೊತ್ತು ಸ್ವರಗಳನ್ನು ಏರಿ ಇಳಿಯುವುದೇ ಕೆಲಸ.

1806ರ ಡಿಸೆಂಬರ್ 23ರಂದು ವಿಯೆನ್ನಾದಲ್ಲಿ ಇದನ್ನು ಮೊದಲು ನುಡಿಸಿದ ಫ್ರಾಂಟ್ಸ್ ಕ್ಲೆಮೆಂಟ್, ಅದೇ ಸಂಜೆ ಪಿಟೀಲನ್ನು ತಲೆಕೆಳಗಾಗಿ ಹಿಡಿದು ತನ್ನದೊಂದು ರಚನೆಯನ್ನೂ ನುಡಿಸಿದನಂತೆ. ಅಂಥ ಕಸರತ್ತಿಗೆ ಚಪ್ಪಾಳೆ ತಟ್ಟುವ ಸಭೆಗೆ ಈ ಕೃತಿ ರುಚಿಸದಿದ್ದರೆ ಆಶ್ಚರ್ಯವೇನು? 1844ರಲ್ಲಿ ಲಂಡನ್ನಿನಲ್ಲಿ ಸಂಗೀತ ರಚನಕಾರ ಮೆಂಡೆಲ್ಸೋನ್ ವಾದ್ಯವೃಂದ ನಡೆಸಿ, 12 ವರ್ಷದ ಯೋಸೆಫ್ ಯೋವಾಖಿಮ್ ನುಡಿಸಿದ ಮೇಲಷ್ಟೇ ಇದಕ್ಕೆ ನಿಜವಾದ ಬೆಲೆ ಬಂತು.

ನನ್ನನ್ನು ಹಿಡಿದು ಕೂರಿಸುವುದು ಮೊದಲ ಭಾಗದ ಎರಡನೆಯ ಧಾಟಿ. ಒಮ್ಮೆ ಕೇಳಿದರೆ ಗುನುಗಬಹುದಾದಷ್ಟು ಸರಳ. ಬೇರೆಯವರಾಗಿದ್ದರೆ ಅದನ್ನು ಮೊದಲು ಪಿಟೀಲಿನ ಕೈಗೇ ಕೊಡುತ್ತಿದ್ದರು. ಬೀಥೋವನ್ ಅದನ್ನು ಕ್ಲಾರಿನೆಟ್, ಬಸೂನ್ ಎಂಬ ಊದುವ ವಾದ್ಯಗಳಿಗೆ ಕೊಟ್ಟು, ಪಿಟೀಲನ್ನು ಮೇಲಿನ ಸ್ವರವೊಂದರಲ್ಲೇ ಕಂಪಿಸುತ್ತಾ ನಿಲ್ಲಿಸುತ್ತಾನೆ. ಆಮೇಲೆ ಪಿಟೀಲಿಗೆ ಸಿಗುವುದು ಧಾಟಿಯ ತುಣುಕು, ಅದರ ಸುತ್ತಲಿನ ಕುಸುರಿ. ಬಿಂಕವಿಲ್ಲದ ಈ ತಾಳ್ಮೆಯೇ ಕೃತಿಯ ಗುಣ ಎಂದು ನನಗನಿಸುತ್ತದೆ.

ಮೊದಲ ಭಾಗದ ಕೊನೆಗೆ ಕೆಡೆನ್ಜಾ ಬರುತ್ತದೆ. ನಮ್ಮ ಕಚೇರಿಯ ತನಿ ಆವರ್ತನದಂತೆ ಇಲ್ಲಿಯೂ ಉಳಿದವರೆಲ್ಲ ಸುಮ್ಮನಾಗಿ ಒಬ್ಬರಿಗೇ ಜಾಗ ಬಿಡುತ್ತಾರೆ. ಪಿಟೀಲಿಗಾಗಿ ಬೀಥೋವನ್ ಕೆಡೆನ್ಜಾ ಬರೆಯಲಿಲ್ಲ. ಈಗ ಹೆಚ್ಚಾಗಿ ಕೇಳುವ, ಪಿಟೀಲುವಾದಕ ಫ್ರಿಟ್ಜ್ ಕ್ರೈಸ್ಲರ್ ಬರೆದದ್ದು ಎರಡು ಮುಖ್ಯ ಧಾಟಿಗಳನ್ನೂ ಒಟ್ಟಿಗೇ ಹೆಣೆಯುವ ಜಾಣ್ಮೆಯದು. ಅದು ಮುಗಿದ ಮೇಲೆ ನೋಡಿ: ಬೇರೆ ತಂತಿವಾದ್ಯಗಳು ಬೆರಳಿನಿಂದ ಮೆಲ್ಲಗೆ ಮೀಟುತ್ತಿರುವಾಗ, ಪಿಟೀಲು ಆ ಎರಡನೆಯ ಧಾಟಿಯನ್ನು ಮೊದಲ ಸಲ ಪೂರ್ತಿಯಾಗಿ, ಕೆಳಗಿನ ಎರಡು ತಂತಿಗಳ ಮೇಲೆ ಹಾಡುತ್ತದೆ. ಎಷ್ಟು ಸಲ ಕೇಳಿದರೂ ಇಲ್ಲಿ ನನ್ನ ಗಂಟಲು ಕಟ್ಟುತ್ತದೆ. ಮೊದಲೇ ಕೊಟ್ಟಿದ್ದರೆ ಇಷ್ಟು ತಟ್ಟುತ್ತಿರಲಿಲ್ಲ.

ನಿಧಾನಗತಿಯ ಎರಡನೆಯ ಭಾಗ, ಕುಣಿತದ ಮೂರನೆಯ ಭಾಗ ಎರಡೂ ಚೆನ್ನಾಗಿವೆ. ಅವುಗಳ ಪರವಾಗಿ ಯಾರೂ ವಾದಿಸಬೇಕಾಗಿಲ್ಲ.

ಹೊಸಬರು ಪಿಟೀಲುವಾದಕ ಡೇವಿಡ್ ಓಯಿಸ್ತ್ರಾಖ್ 1958ರಲ್ಲಿ ವಾದ್ಯವೃಂದ ನಡೆಸಿದ ಆಂದ್ರೆ ಕ್ಲುಯ್ತಾನ್ಸ್ ಜೊತೆ ಮಾಡಿದ ಧ್ವನಿಮುದ್ರಣದಿಂದ ಶುರುಮಾಡಲಿ. ಯಾಷಾ ಹೈಫೆಟ್ಸ್ ಅಸಾಧ್ಯ ಪ್ರತಿಭೆ, ಆದರೆ ಇಲ್ಲಿ ಅವರಿಗೆ ಸ್ವಲ್ಪ ಅವಸರ. ಅವರದನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ.