ಏಳು ಸಂಚಿಕೆಯ ದಶಮಾನೋತ್ಸವ

ಮೊನ್ನೆ ಆಮಂತ್ರಣ ಪತ್ರಿಕೆ ಬಂತು. ನಮ್ಮ ಸಂಘದ ಮಾಸಿಕಕ್ಕೆ ಹತ್ತು ವರ್ಷ ತುಂಬಿತಂತೆ. ಬೆಳಿಗ್ಗೆ ಮೆರವಣಿಗೆ, ಮಧ್ಯಾಹ್ನ ಹೋಳಿಗೆ ಊಟ, ಸಂಜೆ ತಾಳಮದ್ದಳೆ, ಇವುಗಳ ನಡುವೆ ಜಾಗ ಸಿಕ್ಕಿದಲ್ಲೆಲ್ಲ ಸನ್ಮಾನ. ಹತ್ತು ವರ್ಷದ ಮಾಸಿಕವೆಂದರೆ 120 ಸಂಚಿಕೆ ಬಂದಿರಬೇಕಲ್ಲ ಎಂದು ಲೆಕ್ಕ ಹಾಕಲು ಹೊರಟಿರಾದರೆ ನೀವು ಯಾವ ಸಂಘದಲ್ಲೂ ಇಲ್ಲ ಎಂದಾಯಿತು. ಬಂದದ್ದು ಏಳು. ಅದರಲ್ಲೊಂದರ ಮುಖಪುಟದಲ್ಲಿ ‘ಜನವರಿ–ಆಗಸ್ಟ್ ಜಂಟಿ ಸಂಚಿಕೆ’ ಎಂದಿತ್ತು. ಅದೊಂದನ್ನೇ ಎಂಟೆಂದು ಹಿಡಿದರೆ ಒಟ್ಟು ಹದಿನಾಲ್ಕಾಗುತ್ತದೆ ಎಂಬುದು ಕಾರ್ಯದರ್ಶಿಗಳ ವಾದ.

ಪತ್ರಿಕೆ ಹುಟ್ಟಿದ್ದು ನವೆಂಬರ್ 1ಕ್ಕೆ. ನಮ್ಮ ಕಡೆ ಅದೊಂದು ವಿಚಿತ್ರ ದಿನ. 1956ರಲ್ಲಿ ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಅತ್ತ ಬೆಂಗಳೂರಿನಲ್ಲಿ ರಾಜ್ಯೋತ್ಸವ, ಇತ್ತ ತಿರುವನಂತಪುರದಲ್ಲಿ ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ನಗಬೇಕೋ ಅಳಬೇಕೋ ತಿಳಿಯದೆ ನಾವು ಆ ದಿನ ಏನಾದರೊಂದನ್ನು ಬಿಡುಗಡೆ ಮಾಡಿಬಿಡುತ್ತೇವೆ. ಆ ವರ್ಷ ಮಾಸಿಕ ಸಿಕ್ಕಿತು.

ಗೌರವ ಸಂಪಾದಕರು, ಪ್ರಧಾನ ಸಂಪಾದಕರು, ಹದಿನಾಲ್ಕು ಮಂದಿಯ ಸಂಪಾದಕ ಮಂಡಳಿ, ಇಪ್ಪತ್ತೊಂದು ಮಂದಿಯ ಸಲಹಾ ಸಮಿತಿ. (ಮಂಡಳಿಯಲ್ಲಿ ನಾನೂ ಇದ್ದೇನೆ. ಗೊತ್ತಾದದ್ದು ಮೂರನೇ ಸಂಚಿಕೆಯ ಎರಡನೇ ಪುಟ ನೋಡಿ.) ಬರೆಯುವುದು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಮೂಲೆಯಲ್ಲಿ ಕೂತಿದ್ದ ನಿವೃತ್ತ ಮಾಷ್ಟ್ರ ಮುಖ ನೋಡಿದರು. ಮಾಷ್ಟ್ರು, “ಅದಿರಲಿ, ಓದುವುದು ಯಾರು?” ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ನಡಾವಳಿ ಪುಸ್ತಕದಲ್ಲಿ ‘ಸದಸ್ಯರು ಮೌನ ಸಮ್ಮತಿ ಸೂಚಿಸಿದರು’ ಎಂದು ದಾಖಲಾಯಿತು.

ಸಂಪಾದಕೀಯಕ್ಕೆ ಮಾತ್ರ ನಮ್ಮಲ್ಲಿ ಎಂದೂ ಬರಗಾಲ ಬರಲಿಲ್ಲ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿದೆ. ಅದು ಜಾರಿಯಾಗದಿರುವ ತನಕ ಒಂದೇ ಸಂಪಾದಕೀಯ ಸಾಕು. ‘ಇಷ್ಟು ವರ್ಷ ಕಳೆದರೂ’ ಎಂಬಲ್ಲಿ ಅಂಕಿ ತಿದ್ದಿದರಾಯಿತು. ಐದನೇ ಸಂಚಿಕೆಗೆ ಅದನ್ನು ತಿದ್ದಲೂ ಮರೆತು, ವರದಿಯ ಪ್ರಾಯ ಎರಡು ವರ್ಷ ಅಲ್ಲೇ ನಿಂತಿತು.

ಉಳಿದ ಪುಟಗಳ ಕಥೆ ಸುಲಭ. ಎರಡನೇ ಸಂಚಿಕೆಯ ತುಂಬ ಮೊದಲ ಸಂಚಿಕೆಯ ಬಿಡುಗಡೆಯ ಫೋಟೋ. ಮೂರನೆಯದರ ತುಂಬ ಎರಡನೆಯದರದ್ದು. ಬಿಡುಗಡೆಯೇ ಸುದ್ದಿ, ಆ ಸುದ್ದಿ ಹಾಕಲಿಕ್ಕೊಂದು ಪತ್ರಿಕೆ, ಆ ಪತ್ರಿಕೆಗೆ ಮತ್ತೆ ಬಿಡುಗಡೆ. ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರು ಬಂದದ್ದು, ಅರ್ಜಿಯಲ್ಲಿರುವ ಮಲಯಾಳ ಓದಿಸಿಕೊಳ್ಳಲು ಹೆಂಗಸರು ಸರ್ಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಬಾಗಿಲಲ್ಲಿ ಕಾಯುವುದು, ಇದೆಲ್ಲ ಆಫ್‌ಸೆಟ್ ಪ್ರೆಸ್ಸಿನವರೆಗೆ ತಲುಪಲಿಲ್ಲ. ‘ಅದು ಸಾಹಿತ್ಯ ಅಲ್ಲವಲ್ಲ’ ಎಂದರು ಪ್ರಧಾನ ಸಂಪಾದಕರು.

ಒಂದೇ ಒಂದು ಸಲ ಮಾಷ್ಟ್ರ ಅರ್ಧ ಪುಟ ಹೇಗೋ ಒಳಗೆ ನುಸುಳಿತು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ವಿಚಾರ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ನೀಲಿ ಬಣ್ಣದ ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಮಸೆದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡಿ, ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ. ಇಷ್ಟೇ. ಆದರೆ ಅಚ್ಚಾಗುವಾಗ 100ರ ಒಂದು ಸೊನ್ನೆ ಬಿದ್ದುಹೋಗಿ 10 ಲೀಟರ್ ಆಯಿತು.

ಎರಡೇ ದಿನದಲ್ಲಿ ಹನ್ನೊಂದು ಫೋನು. ಪೆರ್ಲದ ಕಡೆಯ ಒಬ್ಬರು ಸ್ಕೂಟರಿನಲ್ಲೇ ಬಂದಿಳಿದರು. ಕೈಯಲ್ಲಿ ಪತ್ರಿಕೆ, 23ನೇ ಪುಟಕ್ಕೆ ಮಡಚಿದ್ದು, ಅದರ ಮೇಲೆ ನೀಲಿ ಬೆರಳಚ್ಚು. “ಇದೆಂತ ಮಾರಾಯ್ರೆ, ಅಡಿಕೆಗೆ ಮದ್ದು ಬಿಡುವುದಾ, ಮರಕ್ಕೆ ಸಾರಣೆ ಮಾಡುವುದಾ?” ಮಾಷ್ಟ್ರಿಗೆ ಬೈಗಳು ತಿಂದ ಬೇಸರವೇ ಇಲ್ಲ. ಓದಿದ್ದಾರೆ! ಹನ್ನೊಂದು ಮಂದಿ 23ನೇ ಪುಟದವರೆಗೆ ಓದಿದ್ದಾರೆ! ಎರಡನೇ ಸಲ ಮದ್ದು ಬಿಡುವುದರೊಳಗೆ ತಿದ್ದುಪಡಿ ಹಾಕಬೇಕೆಂದು ಅವರು ಕಾರ್ಯದರ್ಶಿಗಳ ಮನೆಗೆ ಓಡಿದರು.

ತುರ್ತು ಸಭೆ ಕೂಡಿತು. ಇನ್ನು ಮುಂದೆ ಪತ್ರಿಕೆಯಲ್ಲಿ ಯಾರ ಫೋನ್ ನಂಬರೂ ಹಾಕಬಾರದೆಂದು ಒಮ್ಮತದ ನಿರ್ಣಯವಾಯಿತು. ತಿದ್ದುಪಡಿ ಬಂತು, ಶಿವರಾತ್ರಿಗೆ. ಆಗ ಅಡಿಕೆ ಅಂಗಳದಲ್ಲಿ ಒಣಗುತ್ತಿತ್ತು.

ಪತ್ರಿಕೆ ಯಾಕೆ ನಿಂತಿತು ಎಂದು ಕೇಳಿದರೆ ಅಧ್ಯಕ್ಷರಲ್ಲಿ ಇತಿಹಾಸವೇ ಉಂಟು. “1843ರ ಜುಲೈ 1ಕ್ಕೆ ಮೋಗ್ಲಿಂಗ್ ಸಾಹೇಬರು ಮಂಗಳೂರ ಸಮಾಚಾರ ತೆಗೆದದ್ದು. ಕನ್ನಡದ ಮೊದಲ ಪತ್ರಿಕೆ. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ಹೆಸರು ಬದಲಾಯಿಸಿಕೊಂಡಿತು. ಅವರಿಗೇ ಆಗಲಿಲ್ಲ, ನಮ್ಮಿಂದ ಆಗುತ್ತದಾ?” ಅದು ಹೋಗುವ ತನಕ ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು ಎಂದು ಮಾಷ್ಟ್ರು ಮೆಲ್ಲನೆ ಹೇಳಿದರು. ಅದು ನಡಾವಳಿಗೆ ಹೋಗಲಿಲ್ಲ.

ಪ್ರತಿ ಸಂಚಿಕೆಯಲ್ಲೂ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಅಚ್ಚಾಗುತ್ತಿತ್ತು. ಇಷ್ಟು ಪ್ರಾಮಾಣಿಕವಾದ ವಾಕ್ಯ ಪತ್ರಿಕೆಯಲ್ಲಿ ಬೇರೆ ಇರಲಿಲ್ಲ. ಕಟ್ಟುಗಳೆಲ್ಲ ಕಾರ್ಯದರ್ಶಿಗಳ ಮನೆಯ ಅಟ್ಟದಲ್ಲಿ, ಕಳೆದ ವರ್ಷದ ಅಡಿಕೆ ಗೋಣಿಗಳ ಪಕ್ಕ ಖಾಸಗಿಯಾಗಿಯೇ ಉಳಿದವು. ಅವರ ಮನೆಯವರಲ್ಲಿ ಒಮ್ಮೆ ಕೇಳಿದೆ, ಏನಾದರೂ ಉಪಯೋಗ ಆಯಿತಾ ಅಂತ. ಹಲಸಿನಹಣ್ಣು ತುಂಡು ಮಾಡುವಾಗ ಅಡಿಗೆ ಹಾಸಿ ನೋಡಿದರಂತೆ. “ಅಧ್ಯಕ್ಷರ ಫೋಟೋ ಇರುವ ಆ ಹೊಳೆಯುವ ಕಾಗದ ಉಂಟಲ್ಲ, ಅದರಲ್ಲಿ ಕತ್ತಿಯ ಮೇಣ ಉಜ್ಜಿದರೆ ಹೋಗುವುದೇ ಇಲ್ಲ. ಮಾಮೂಲಿ ಪೇಪರೇ ವಾಸಿ.”

ಮಾಷ್ಟ್ರು ಸುಮ್ಮನೆ ಕೂರುವ ಜನ ಅಲ್ಲ. ಆರು ವರ್ಷದಿಂದ ಹಾಲಿನ ಸೊಸೈಟಿಯ ಗೋಡೆಯಲ್ಲಿ ಶಾಲೆಯ ಹಳೇ ಕರಿಹಲಗೆಯೊಂದನ್ನು ತೂಗುಹಾಕಿ, ಸೋಮವಾರಕ್ಕೊಮ್ಮೆ ಆರು ಸಾಲು ಬರೆಯುತ್ತಾರೆ. ಯಾವ ಅರ್ಜಿಗೆ ಯಾವ ದಾಖಲೆ ಬೇಕು, ಬೆಳಗಿನ ಬಸ್ಸು ಎಷ್ಟಕ್ಕೆ ಹೊರಡುತ್ತದೆ, ಮೈಲುತುತ್ತಿಗೆ ಎಷ್ಟು ರೇಟು. ತಪ್ಪಿದ್ದರೆ ಹಾಲು ಹಾಕಲು ಬಂದವರು ಅಲ್ಲೇ ಬೆರಳಲ್ಲಿ ಒರಸಿ ಸರಿಮಾಡುತ್ತಾರೆ. ಹೊಸದು ಬರೆಯುವುದು ಒಂದು ದಿನ ತಡವಾದರೆ, ಮಾಷ್ಟ್ರಿಗೆ ಹುಷಾರಿಲ್ಲವಾ ಎಂದು ಮನೆಗೇ ಬಂದು ವಿಚಾರಿಸುತ್ತಾರೆ.

ಈಗ ಆಮಂತ್ರಣದ ಕೊನೆಯ ಪುಟ ನೋಡಿ. ದಶಮಾನೋತ್ಸವದಲ್ಲಿ ‘ಸ್ಮರಣ ಸಂಚಿಕೆ’ ಬಿಡುಗಡೆ (ಹೋದವರಿಗಲ್ಲದೆ ಇನ್ಯಾರಿಗೆ ಸ್ಮರಣೆ), ಬಳಿಕ ಕರಿಹಲಗೆಯ ಉದ್ಘಾಟನೆ. ಹಲಗೆಯನ್ನು ಗೋಡೆಯಿಂದ ಕಳಚಿ ಪೇಂಟ್ ಮಾಡಿಸಲು ಕೊಟ್ಟಾಗಿದೆ. ಮೇಲೆ ಸಂಘದ ಲಾಂಛನ, ಕೆಳಗೆ ಪ್ರಾಯೋಜಕರ ಹೆಸರು, ಎಡಕ್ಕೆ ಸಂಪಾದಕ ಮಂಡಳಿ.

ನಿನ್ನೆ ಸೋಮವಾರ. ಸೊಸೈಟಿಯ ಎದುರು ನಾಲ್ಕೈದು ಮಂದಿ ಕ್ಯಾನ್ ಹಿಡಿದು ಬೋಳು ಗೋಡೆ ನೋಡುತ್ತ ನಿಂತಿದ್ದರು. ಮಾಷ್ಟ್ರು ನನ್ನನ್ನು ಕರೆದು ಕೇಳಿದರು, “ಚಾಕ್ ತರುವುದು ಯಾರೆಂದು ನಿರ್ಣಯ ಆಯಿತಾ?”

“ಉಪಸಮಿತಿ ಮಾಡಿದ್ದಾರೆ ಮಾಷ್ಟ್ರೆ,” ಎಂದೆ.