ಖಾಸಗಿ ವಿಶ್ವವಿದ್ಯಾಲಯ ಕಾಸರಗೋಡಿಗೆ ಬರುವುದಾದರೆ ಕನ್ನಡ ವಿಭಾಗದ ಜೊತೆಗೇ ಬರಲಿ

2025ರ ಮಾರ್ಚ್‌ನಲ್ಲಿ ಕೇರಳ ವಿಧಾನಸಭೆ ಖಾಸಗಿ ವಿಶ್ವವಿದ್ಯಾಲಯಗಳ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿಯವರಿಗೆ ಬಾಗಿಲು ತೆರೆಯುವುದು ಸರಿಯೇ, ಬಡ ಮಕ್ಕಳ ಗತಿಯೇನು ಎಂಬ ವಾದ ತಿರುವನಂತಪುರದಲ್ಲಿ ಜೋರಾಗಿ ನಡೆಯಿತು. ಕೇರಳದ ಗಡಿಜಿಲ್ಲೆ ಕಾಸರಗೋಡಿನ ನಮ್ಮ ಕನ್ನಡ ಸಂಘಗಳ ಸಭೆಗಳಲ್ಲಿ ಈ ವಿಷಯ ಯಾರೂ ಎತ್ತಿದ್ದನ್ನು ನಾನು ಕೇಳಲಿಲ್ಲ. ಎತ್ತಲೇಬೇಕಾದ ವಿಷಯ ಇದು.

ಖಾಸಗಿ ವಿಶ್ವವಿದ್ಯಾಲಯ ನಮಗೆ ಹೊಸದಲ್ಲ. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಕಾಲಿಟ್ಟರೆ ಸಿಗುವುದೇ ಅವು. ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯ ಎರಡೂ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯಗಳಾದವು, ಅಂದರೆ ಕೇಂದ್ರ ಸರ್ಕಾರದಿಂದ ವಿಶ್ವವಿದ್ಯಾಲಯದ ಮಾನ್ಯತೆ ಪಡೆದವು. ಮಂಗಳೂರು ಬಾವುಟಗುಡ್ಡೆಯ ಸಂತ ಅಲೋಶಿಯಸ್ 1880ರಲ್ಲಿ ಶುರುವಾದ ಕಾಲೇಜು. 2024ರ ಜನವರಿಯಲ್ಲಿ ಅದಕ್ಕೂ ಡೀಮ್ಡ್ ಸ್ಥಾನ ಸಿಕ್ಕಿತು. ಎಂಸಿಎ, ಎಂಬಿಎ ಓದುವವರಿಗೆ ಅವರ ಇನ್ನೊಂದು ಕ್ಯಾಂಪಸ್ ಕೋಟೆಕಾರಿನ ಬೀರಿಯಲ್ಲಿದೆ, ಗಡಿಯಿಂದ ಕೂಗಳತೆಯಲ್ಲಿ. ಮಂಜೇಶ್ವರ, ಉಪ್ಪಳ, ಕುಂಬಳೆಯ ಮಕ್ಕಳು ಬೆಳಗಿನ ಬಸ್ಸು ಹಿಡಿದು ಹೋಗಿ ಸಂಜೆಗೆ ಮನೆ ಸೇರುತ್ತಾರೆ. ಹೆಣ್ಣುಮಕ್ಕಳನ್ನು ದೂರದ ಹಾಸ್ಟೆಲಿಗೆ ಕಳಿಸಲು ಒಪ್ಪದ ಎಷ್ಟೋ ಮನೆಗಳಲ್ಲಿ ಪದವಿ, ಸ್ನಾತಕೋತ್ತರ ಪದವಿ ಬಂದದ್ದು ಈ ಬಸ್ಸುಗಳಿಂದ. ಅದರ ಋಣ ನಮ್ಮ ಮೇಲಿದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿಗಳಲ್ಲಿ ಮಾತಾಡುವ ರೇಡಿಯೊ ಸಾರಂಗ್ ಎಂಬ ಸಮುದಾಯ ಬಾನುಲಿಯನ್ನು ನಡೆಸುವುದೂ ಅಲೋಶಿಯಸ್ಸೇ. ನಗರದ ನಡುವಿನ ಸಂಸ್ಥೆಯೊಂದು ಸುತ್ತಲಿನ ಜನರ ಭಾಷೆಗೆ ಕಿವಿಗೊಟ್ಟರೆ ಏನಾಗಬಹುದು ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ.

ಆದರೂ ಖಾಸಗಿ ವಿಶ್ವವಿದ್ಯಾಲಯ ಬೆಳೆಯುವ ದಾರಿ ಬಹುಪಾಲು ಒಂದೇ. ಶುಲ್ಕ ಕಟ್ಟಲು ಜನ ಸಾಲುಗಟ್ಟುವ ಕೋರ್ಸು ಮೊದಲು ಬರುತ್ತದೆ: ಕಂಪ್ಯೂಟರ್, ನರ್ಸಿಂಗ್, ಬಿ.ಕಾಂ, ಈಗ ಡೇಟಾ ಸೈನ್ಸ್. ಸರ್ಕಾರದ ಅನುದಾನ ಇಲ್ಲದವರು ಶುಲ್ಕದಿಂದಲೇ ಸಂಬಳ ಕೊಡಬೇಕು, ಅದನ್ನು ತಪ್ಪೆನ್ನಲಾರೆ. ಆ ಲೆಕ್ಕದಲ್ಲಿ ಕನ್ನಡ ಎಂ.ಎ. ಯಾವತ್ತೂ ಕೊನೆಯ ಸಾಲಿನಲ್ಲಿ. ಶುರುವಿನಲ್ಲಿ ಇಲ್ಲದ ವಿಭಾಗವನ್ನು ಆಮೇಲೆ ತರಿಸುವುದು ಸುಲಭವಲ್ಲ. ನಮ್ಮ ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಕನ್ನಡಿಗರಿರುವ ಜಿಲ್ಲೆಯಲ್ಲಿ, ಕೇಂದ್ರದ ದುಡ್ಡಿನಲ್ಲಿ ನಡೆಯುವ ಸಂಸ್ಥೆ ಅದು. ಅಲ್ಲಿಯೂ ಕನ್ನಡ ವಿಭಾಗ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಸರ್ಕಾರಿ ಸಂಸ್ಥೆಯಲ್ಲೇ ಹೀಗಾದರೆ ಖಾಸಗಿಯವರಿಂದ ತಾನಾಗಿ ಬರುತ್ತದೆಂದು ಕಾಯುವುದು ಹೇಗೆ?

ಇದು ಬರೀ ಭಾಷಾಭಿಮಾನದ ಮಾತು ಎಂದುಕೊಳ್ಳುವವರು ನಮ್ಮ ಹೈಸ್ಕೂಲುಗಳಿಗೆ ಒಮ್ಮೆ ಬರಬೇಕು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ, ಮಕ್ಕಳು ಹೆತ್ತವರ ಜೊತೆ ಶಾಲೆಯ ಎದುರು ಪ್ರತಿಭಟನೆಗೆ ಕೂತದ್ದು ಒಂದು ಊರಿನ ಕಥೆಯಲ್ಲ. ಪಾಠ ಅರ್ಥವಾಗದೆ ಎಂಟನೇ ತರಗತಿಯ ಮಗು ಗಣಿತವನ್ನೇ ಬಿಟ್ಟುಬಿಡುತ್ತದೆ. ಆ ಮಗು ಮುಂದೆ ಡೇಟಾ ಸೈನ್ಸ್ ಓದುವುದೆಲ್ಲಿಂದ ಬಂತು? ಗಣಿತ, ಭೌತಶಾಸ್ತ್ರ ಕಲಿತು ಅದನ್ನು ಕನ್ನಡದಲ್ಲಿ ಹೇಳಿಕೊಡಬಲ್ಲ ಅಧ್ಯಾಪಕರು ನಮಗೆ ಬೇಕು. ಅಂಥವರನ್ನು ತಯಾರು ಮಾಡುವ ಬಿ.ಎಡ್. ಕಾಸರಗೋಡಿನಲ್ಲೇ ಇನ್ನಷ್ಟು ಕಡೆ ಬೇಕು. ಗಡಿಯಾಚೆ ಪದವಿ ಪಡೆದು ಬಂದವರು ಕೇರಳದ ಸರ್ಕಾರಿ ನೌಕರಿಯ ಪಿಎಸ್‌ಸಿ ಅರ್ಜಿಯ ಹೊತ್ತಿಗೆ ಆ ಪದವಿ ಇಲ್ಲಿನದಕ್ಕೆ ಸಮ ಎನ್ನುವ ತತ್ಸಮಾನ ಪ್ರಮಾಣಪತ್ರಕ್ಕೆ ಅಲೆದ ಕಥೆ ಇಲ್ಲಿ ಮನೆಮನೆಯಲ್ಲಿದೆ.

ಸೀಟಿನ ವಿಷಯ ನೋಡಿ. ಕರ್ನಾಟಕದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶೇ 40ರಷ್ಟು ಸೀಟು ಆ ರಾಜ್ಯದ ವಿದ್ಯಾರ್ಥಿಗಳಿಗೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ ಕನ್ನಡ, ತುಳು ಮನೆಮಾತಿನವರಿಗೆ ಕರ್ನಾಟಕದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರೆಂಬ ಅವಕಾಶ ಇದೆ, ದೊಡ್ಡ ಉಪಕಾರವೇ. ಅದಕ್ಕೆ ದಾಖಲೆ ಒದಗಿಸಿ, ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಕೇರಳ ವಿಧಾನಸಭೆ ಒಪ್ಪಿದ ಮಸೂದೆಯಲ್ಲೂ ಶೇ 40 ಸೀಟು ಇಲ್ಲಿನ ಕಾಯಂ ನಿವಾಸಿಗಳಿಗೆ. ಆ ಸೀಟಿಗೆ ನಮ್ಮ ಮಗು ತಾನು ಗಡಿನಾಡ ಕನ್ನಡಿಗನೆಂದು ಸಾಬೀತು ಮಾಡಬೇಕಾಗಿಲ್ಲ, ಈ ಮಣ್ಣಿನ ನಿವಾಸಿಯಾಗಿಯೇ ಅರ್ಜಿ ಹಾಕಬಹುದು. ನಮ್ಮ ಜಿಲ್ಲೆಯಲ್ಲಿ ಇಂಥ ವಿಶ್ವವಿದ್ಯಾಲಯ ಬಂದರೆ ಒಳ್ಳೆಯದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ನಾವೇ ಕಟ್ಟಬಾರದೇ ಎಂದೂ ಕೇಳಿಕೊಳ್ಳಬೇಕು. ಸಂವಿಧಾನದ 30ನೇ ವಿಧಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಮಾತ್ರವಲ್ಲ, ಭಾಷಾ ಅಲ್ಪಸಂಖ್ಯಾತರಿಗೂ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಯಾರು ಅಲ್ಪಸಂಖ್ಯಾತರು ಎಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ನೋಡಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ತೀರ್ಪನ್ನು ಜನ ಕರೆಯುವುದೇ ಟಿ.ಎಂ.ಎ. ಪೈ ಪ್ರಕರಣವೆಂದು. ನಮ್ಮ ಕರಾವಳಿಯ ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ವೈದ್ಯರ ಹೆಸರು ಅದು. ಬೋಳುಗುಡ್ಡ ಎನ್ನುತ್ತಿದ್ದ ಜಾಗದಲ್ಲಿ ಅವರು ಶುರುಮಾಡಿದ್ದು ಇವತ್ತು ಎಷ್ಟು ದೊಡ್ಡದಾಗಿದೆ! ಕೇರಳದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು, ಹಕ್ಕು ನಮಗಿದೆ. ಆ ಮಸೂದೆ ಕೇಳುವ 25 ಕೋಟಿ ರೂಪಾಯಿಯ ನಿಧಿ ಯಾವ ಒಂದು ಸಂಘಕ್ಕೂ ನಿಲುಕದು, ನಿಜ. ಮುಂಬೈ, ಬೆಂಗಳೂರು, ಗಲ್ಫಿನಲ್ಲಿರುವ ನಮ್ಮವರೆಲ್ಲ ಸೇರಿದರೆ ಅದು ಆಗದ ಮಾತಲ್ಲ.

ಅದಕ್ಕೆ ಕಾಲ ಬೇಕು. ಈಗಲೇ ಆಗಬೇಕಾದ್ದು ಬೇರೆ ಇದೆ. ಕಾಸರಗೋಡು ಜಿಲ್ಲೆಯಲ್ಲಿ ಯಾರೇ ಖಾಸಗಿ ವಿಶ್ವವಿದ್ಯಾಲಯ ತೆರೆಯಲಿ, ಅನುಮತಿ ಪತ್ರದಲ್ಲೇ ಕನ್ನಡ ವಿಭಾಗ, ಕನ್ನಡ ಮಾಧ್ಯಮದ ಬಿ.ಎಡ್., ಪದವಿಯಲ್ಲಿ ಎರಡನೇ ಭಾಷೆಯಾಗಿ ಕನ್ನಡ ಇರಬೇಕೆಂದು ಷರತ್ತು ಹಾಕಿಸಬೇಕು. ಅರ್ಜಿ ಬಂದ ಮೇಲೆ ಮನವಿ ಕೊಟ್ಟು ಪ್ರಯೋಜನವಿಲ್ಲ. ಮಂಜೇಶ್ವರ ಮತ್ತು ಕಾಸರಗೋಡಿನ ಶಾಸಕರಿಗೆ, ಉನ್ನತ ಶಿಕ್ಷಣ ಸಚಿವರಿಗೆ ಹೋಗಬೇಕಾದ ಮನವಿಯ ಕರಡನ್ನು ನಾನು ಬರೆಯಲು ತಯಾರಿದ್ದೇನೆ. ಮಲಯಾಳದಲ್ಲಿ ಚೆನ್ನಾಗಿ ಬರೆಯಬಲ್ಲವರು, ಕಾನೂನು ತಿಳಿದವರು ಜೊತೆಗೂಡಿ. ನಿಮ್ಮ ಸಂಘದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೊಂದು ಸಾಲು ಸೇರಿಸಿ.